ಗುಡ್ಡದ ಹಿಂದೆ ಬಿದ್ದಂತೆ ಕಂಡ ಬೆಂಕಿಯುಂಡೆ

ಪ್ರಶ್ನೆ: ಕಳೆದ ತಿಂಗಳು ರಾತ್ರಿ ಹೊಲಕ್ಕೆ ನೀರು ಹಾಯಿಸುತ್ತಿದ್ದಾಗ ಹಸಿರು ಬೆಳಕಿನ ಉಂಡೆಯೊಂದು ಮೂರ್ನಾಲ್ಕು ಸೆಕೆಂಡು ಉರಿದು, ಊರಾಚೆಯ ಗುಡ್ಡದ ಹಿಂದೆ ಬಿದ್ದಂತೆ ಕಂಡಿತು. ಮರುದಿನ ಹುಡುಕಿದರೆ ಏನೂ ಸಿಗಲಿಲ್ಲ. ಅದು ಉಲ್ಕೆಯೇ? ಯಾರಿಗೆ ತಿಳಿಸಬೇಕು?
– ಓದುಗರೊಬ್ಬರು, ಚಳ್ಳಕೆರೆ

ಉತ್ತರ: ನಿಮ್ಮ ವಿವರಣೆ ಉಲ್ಕೆಗೇ ಹೊಂದುತ್ತದೆ. ಶುಕ್ರಗ್ರಹಕ್ಕಿಂತ ಪ್ರಖರವಾಗಿ ಬೆಳಗುವ ಉಲ್ಕೆಯನ್ನು ಅಗ್ನಿಗೋಳ ಎನ್ನುತ್ತಾರೆ. ಆದರೆ ಅದು ಆ ಗುಡ್ಡದ ಹಿಂದೆ ಬಿದ್ದಿರುವ ಸಂಭವ ತೀರಾ ಕಡಿಮೆ. ಉಲ್ಕೆಗಳು ನೆಲದಿಂದ ಸುಮಾರು 100 ಕಿ.ಮೀ. ಎತ್ತರದಲ್ಲಿ ಬೆಳಗತೊಡಗುತ್ತವೆ, ಕಲ್ಲು ಪೂರ್ತಿ ಉರಿಯದೆ ನೆಲ ಮುಟ್ಟುವ ಅಪರೂಪದ ಪ್ರಸಂಗಗಳಲ್ಲೂ ಬೆಳಕು ಸಾಮಾನ್ಯವಾಗಿ 20–30 ಕಿ.ಮೀ. ಎತ್ತರದಲ್ಲೇ ಆರಿಹೋಗಿ, ಉಳಿದ ದಾರಿಯನ್ನು ಕಲ್ಲು ಕತ್ತಲಲ್ಲೇ ಕ್ರಮಿಸುತ್ತದೆ. ದಿಗಂತದಂಚಿನಲ್ಲಿ ಮರೆಯಾದದ್ದು ನಿಮ್ಮಿಂದ ನೂರಾರು ಕಿ.ಮೀ. ದೂರದಲ್ಲಿ ಇದ್ದಿರಬಹುದು.

ಉರಿದ ಅವಧಿಯೂ ಮುಖ್ಯ. ಉಲ್ಕೆ ಸಾಮಾನ್ಯವಾಗಿ ಕೆಲವೇ ಸೆಕೆಂಡುಗಳಲ್ಲಿ ಆರಿಹೋಗುತ್ತದೆ; ಅದಕ್ಕಿಂತ ಬಹಳ ಹೊತ್ತು ನಿಧಾನವಾಗಿ ಸಾಗುವ ಬೆಳಕು ಬೇರೆಯದೇ ಆಗಿರಬಹುದು. 2022ರ ಏಪ್ರಿಲ್ 2ರಂದು ಮಹಾರಾಷ್ಟ್ರ, ಮಧ್ಯಪ್ರದೇಶಗಳ ಆಕಾಶದಲ್ಲಿ ನಿಧಾನವಾಗಿ ಸಾಲಾಗಿ ಸಾಗಿದ ಬೆಳಕುಗಳನ್ನು ಹಲವರು ಉಲ್ಕೆಯೆಂದೇ ಭಾವಿಸಿದ್ದರು. ಅದು ಚೀನಾದ ರಾಕೆಟ್ಟೊಂದರ ಅವಶೇಷ.

ವರದಿಯನ್ನು ಅಂತರರಾಷ್ಟ್ರೀಯ ಉಲ್ಕಾ ಸಂಘಟನೆಯ ಜಾಲತಾಣದಲ್ಲಿರುವ ನಮೂನೆಯ ಮೂಲಕ ಯಾರು ಬೇಕಾದರೂ ಸಲ್ಲಿಸಬಹುದು. 'ತೆಂಗಿನಕಾಯಿಯಷ್ಟು ದಪ್ಪವಿತ್ತು' ಎಂಬಂಥ ವರ್ಣನೆಗಿಂತ ದಿಕ್ಕು ಮತ್ತು ಕೋನಗಳೇ ಅಲ್ಲಿ ಬೆಲೆಬಾಳುವ ಮಾಹಿತಿ. ನೀವು ನಿಂತಿದ್ದ ಜಾಗಕ್ಕೇ ಹೋಗಿ, ಉಲ್ಕೆ ಕಾಣಿಸಿಕೊಂಡ ಮತ್ತು ಮರೆಯಾದ ಬಿಂದುಗಳು ಯಾವ ಮರದ, ಯಾವ ಕಂಬದ ನೇರಕ್ಕಿದ್ದವೆಂದು ಗುರುತಿಸಿ, ಮೊಬೈಲಿನ ದಿಕ್ಸೂಚಿಯಲ್ಲಿ ದಿಕ್ಕನ್ನು ಓದಿಕೊಳ್ಳಿ. ಚಾಚಿದ ಕೈಯ ಮುಷ್ಟಿಯ ಅಗಲ ಸುಮಾರು 10 ಡಿಗ್ರಿಯಾಗುವುದರಿಂದ ದಿಗಂತದಿಂದ ಮೇಲಕ್ಕೆ ಎಷ್ಟು ಮುಷ್ಟಿಗಳೆಂದು ಎಣಿಸಿದರೆ ಎತ್ತರವೂ ಸಿಗುತ್ತದೆ. ಬೇರೊಂದು ಊರಿನಿಂದ ಇನ್ನೊಬ್ಬರು ಇದೇ ರೀತಿ ಬರೆದರೆ, ಎರಡು ರೇಖೆಗಳು ಸಂಧಿಸುವೆಡೆಯಿಂದ ಉಲ್ಕೆಯ ನಿಜವಾದ ಹಾದಿಯನ್ನು ಲೆಕ್ಕಹಾಕುತ್ತಾರೆ. ಪಕ್ಕದ ಪೆಟ್ರೋಲ್ ಬಂಕಿನ ಸಿಸಿಟಿವಿಯಲ್ಲಿ ದೃಶ್ಯ ಸೆರೆಯಾಗಿದ್ದರೆ ಅಳಿಸಿಹೋಗುವ ಮೊದಲೇ ಪ್ರತಿ ಕೇಳಿ ಪಡೆಯಿರಿ.

ಸದ್ದು ಕೇಳಿಸಿದ್ದರೆ, ಬೆಳಕು ಕಂಡ ಎಷ್ಟು ಹೊತ್ತಿಗೆ ಎಂಬುದನ್ನೂ ಬರೆಯಿರಿ. ಸದ್ದು ನಿಮಿಷಕ್ಕೆ ಸುಮಾರು 20 ಕಿ.ಮೀ. ಮಾತ್ರ ಚಲಿಸುತ್ತದೆ. 2013ರ ಫೆಬ್ರುವರಿ 15ರಂದು ರಷ್ಯಾದ ಚೆಲ್ಯಾಬಿನ್‌ಸ್ಕ್‌ನಲ್ಲಿ ಬೆಳಕು ನೋಡಲು ಕಿಟಕಿಗೆ ಬಂದವರನ್ನೂ ಒಳಗೊಂಡು ಸಾವಿರಕ್ಕೂ ಹೆಚ್ಚು ಜನ ಗಾಯಗೊಂಡದ್ದು, ಆನಂತರ ಬಂದಪ್ಪಳಿಸಿದ ಆಘಾತದ ಅಲೆಗೆ ಸಿಡಿದ ಗಾಜಿನಿಂದಲೇ ಹೆಚ್ಚು.

ಕರ್ನಾಟಕದಲ್ಲಿ ಉಲ್ಕಾಶಿಲೆ ಬಿದ್ದಿಲ್ಲವೆಂದಲ್ಲ; 1866ರಲ್ಲಿ ಉಡುಪಿಯಲ್ಲಿ ಬಿದ್ದದ್ದು ದಾಖಲಾಗಿದೆ. ತೆಳುವಾದ ಕಪ್ಪು ಸಿಪ್ಪೆಯಿರುವ, ಗಾತ್ರಕ್ಕೆ ಮೀರಿ ಭಾರವಾದ ಕಲ್ಲು ಎಂದಾದರೂ ಸಿಕ್ಕರೆ, ಬಿದ್ದ ಸ್ಥಳದ ಚಿತ್ರ ತೆಗೆದು, ಶುಭ್ರವಾದ ಚೀಲದಲ್ಲಿ ಇರಿಸಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೆ ತಿಳಿಸಿ. ತೊಳೆಯುವುದು ಬೇಡ, ಅಯಸ್ಕಾಂತ ತಾಗಿಸಿ ಪರೀಕ್ಷಿಸುವುದಂತೂ ಬೇಡವೇ ಬೇಡ. ಅದರಲ್ಲಿ ಉಳಿದುಬಂದ ಪ್ರಾಚೀನ ಕಾಂತೀಯ ಗುರುತು ಅಳಿಸಿಹೋಗಬಹುದು.