ಭುಜದ ಸ್ನಾಯುವಿನಲ್ಲಿ ಕೊಬ್ಬು ತುಂಬಿದ್ದರೆ ಗ್ರಾಫ್ಟ್ ಹಾಕಿಸುವುದು ವ್ಯರ್ಥವೇ?

ನೀವು ಕೇಳಿರುವುದು ಇಷ್ಟು: ತಂದೆಯವರಿಗೆ 61 ವರ್ಷ, ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ ಮಾಡಿದವರು. ಬಲ ಭುಜದ ರೊಟೇಟರ್ ಕಫ್ (ಭುಜದ ಕೀಲನ್ನು ಸುತ್ತಿ ಹಿಡಿಯುವ ಸ್ನಾಯುಗಳು, ಅವುಗಳ ರಜ್ಜುಗಳು) 4 ಸೆಂಟಿಮೀಟರ್ ಹರಿದಿದೆ. ಎಂ.ಆರ್.ಐ. ವರದಿಯಲ್ಲಿ ಸ್ನಾಯುವಿನಲ್ಲಿ ಎಷ್ಟು ಕೊಬ್ಬು ತುಂಬಿದೆ ಎಂದು ಹೇಳುವ ‘ಗೂಟಾಲಿಯೇ’ ಶ್ರೇಣಿ, ಕಫ್‌ನ ಮೇಲಿನ ಸ್ನಾಯು ಸುಪ್ರಾಸ್ಪೈನೇಟಸ್‌ಗೆ 3, ಹಿಂದಿನ ಸ್ನಾಯು ಇನ್‌ಫ್ರಾಸ್ಪೈನೇಟಸ್‌ಗೆ 2 ಎಂದಿದೆ. ಒಬ್ಬ ವೈದ್ಯರು ತೊಡೆಯ ಪೊರೆ ತೆಗೆದು ಭುಜಕ್ಕೆ ಗ್ರಾಫ್ಟ್ (ತೇಪೆ) ಹಾಕೋಣ ಎನ್ನುತ್ತಾರೆ, ಇನ್ನೊಬ್ಬರು ಸ್ನಾಯುವೇ ಹಾಳಾಗಿದೆ, ಹಾಕಿ ಫಲವಿಲ್ಲ ಎನ್ನುತ್ತಾರೆ. ಯಾರ ಮಾತು ನಂಬಬೇಕು?

ನಾನು ಹುಬ್ಬಳ್ಳಿಯಲ್ಲಿ ಫಿಸಿಯೊಥೆರಪಿಸ್ಟ್. ಶಸ್ತ್ರಚಿಕಿತ್ಸೆ ನನ್ನ ಕೆಲಸವಲ್ಲ, ಅದು ಮುಗಿದ ಮೇಲೆ ಕೈ ಎತ್ತಿಸುವುದು ನನ್ನ ಪಾಲಿಗೆ ಬರುತ್ತದೆ. ಹೀಗಾಗಿ ವರದಿ ಕೈಗೆ ಬಂದರೆ ಹರಿದ ಅಳತೆಯನ್ನು ಆಮೇಲೆ ನೋಡುತ್ತೇನೆ, ಮೊದಲು ಹುಡುಕುವುದು ಇನ್‌ಫ್ರಾಸ್ಪೈನೇಟಸ್ ಮುಂದೆ ಬರೆದ ಅಂಕಿಯನ್ನು. ನಿಮ್ಮ ತಂದೆಯವರದು 2. ಅದು ನಿಜವಾಗಿಯೂ 2 ಆಗಿದ್ದರೆ ಮೊದಲ ವೈದ್ಯರ ಮಾತಿನಲ್ಲಿ ಹುರುಳಿದೆ.

ಸ್ನಾಯುರಜ್ಜು ಎಲುಬಿನಿಂದ ಕಿತ್ತುಬಂದರೆ ಅದರ ಹಿಂದಿನ ಸ್ನಾಯು ಸಡಿಲಾಗಿ ಒಳಗೆ ಸರಿಯುತ್ತದೆ. ಎಳೆಗಳು ಸೊರಗುತ್ತವೆ, ನಡುವಿನ ಜಾಗದಲ್ಲಿ ಕೊಬ್ಬು ತುಂಬುತ್ತದೆ. ಫ್ರಾನ್ಸಿನ ಗೂಟಾಲಿಯೇ ಮತ್ತು ಸಂಗಡಿಗರು 1994ರಲ್ಲಿ ಇದನ್ನು ಸಿ.ಟಿ. ಚಿತ್ರಗಳಲ್ಲಿ ನೋಡಿ 0ಯಿಂದ 4ರವರೆಗೆ ಶ್ರೇಣಿ ಕೊಟ್ಟರು: 1 ಎಂದರೆ ಅಲ್ಲಲ್ಲಿ ಗೆರೆ, 2 ಎಂದರೆ ಕೊಬ್ಬಿದ್ದರೂ ಸ್ನಾಯುವೇ ಹೆಚ್ಚು, 3 ಎಂದರೆ ಸಮಸಮ, 4 ಎಂದರೆ ಕೊಬ್ಬೇ ಹೆಚ್ಚು. ಈಗ ಎಂ.ಆರ್.ಐ.ಯಲ್ಲೂ ಹೀಗೆಯೇ ಓದುತ್ತಾರೆ. ಈ ಕೊಬ್ಬಿಗೂ ಊಟಕ್ಕೂ ಸಂಬಂಧವಿಲ್ಲ. ತುಪ್ಪ ಬಿಡಿಸಿದರೆ ಕರಗುತ್ತದೆಯೇ ಎಂದು ಮನೆಯವರು ನನ್ನನ್ನು ಕೇಳುತ್ತಲೇ ಇರುತ್ತಾರೆ. ಬಡಕಲು ಹಮಾಲರ ಭುಜದಲ್ಲೂ ಇದು ತುಂಬುತ್ತದೆ. ಒಮ್ಮೆ ತುಂಬಿತೆಂದರೆ ರಜ್ಜುವನ್ನು ಎಷ್ಟೇ ಚೆನ್ನಾಗಿ ಜೋಡಿಸಿದರೂ ಬಹುಮಟ್ಟಿಗೆ ಹಾಗೆಯೇ ಉಳಿಯುತ್ತದೆ. ಕುರಿಗಳ ಮೇಲಿನ ಪ್ರಯೋಗಗಳಲ್ಲೂ ಮನುಷ್ಯರಲ್ಲೂ ಕಂಡುಬಂದದ್ದು ಇದೇ.

ಎಂ.ಆರ್.ಐ. ಫಿಲ್ಮ್ ನಿಮ್ಮ ಬಳಿ ಇದ್ದರೆ ಬೆಳಕಿಗೆ ಹಿಡಿಯಿರಿ. ಹೆಗಲೆಲುಬು ಇಂಗ್ಲಿಷಿನ ‘ವೈ’ ಅಕ್ಷರದಂತೆ ಕಾಣುವ ಒಂದು ಚಿತ್ರ ಇರುತ್ತದೆ. ಅದರ ಮೇಲಿನ ಕವಲಿನಲ್ಲಿ ಕೂತದ್ದು ಸುಪ್ರಾಸ್ಪೈನೇಟಸ್, ಹಿಂಬದಿಗೆ ಇರುವುದು ಇನ್‌ಫ್ರಾಸ್ಪೈನೇಟಸ್. ಗಟ್ಟಿ ಸ್ನಾಯು ಕಪ್ಪು ಬೂದು ಬಣ್ಣದಲ್ಲಿ ಎಲುಬಿನ ಗುಂಡಿಯ ತುಂಬ ಇರುತ್ತದೆ. ಹಾಳಾದದ್ದು ಕುಗ್ಗಿ, ನಡುನಡುವೆ ಬಿಳಿ ಗೆರೆಗಳು ಹರಡಿರುತ್ತವೆ. ಆದರೆ ಒಂದು ಎಚ್ಚರಿಕೆ: ರಜ್ಜು ಒಳಗೆ ಸರಿದಾಗ ಸ್ನಾಯುವಿನ ದಪ್ಪ ಭಾಗವೂ ಅದರೊಂದಿಗೆ ಸರಿಯುವುದರಿಂದ ಆ ಒಂದು ಚಿತ್ರದಲ್ಲಿ ಸ್ನಾಯು ಇರುವುದಕ್ಕಿಂತ ಸಣ್ಣದಾಗಿ ಕಾಣಬಹುದು. ಒಬ್ಬರು 2 ಎಂದದ್ದನ್ನು ಇನ್ನೊಬ್ಬರು 3 ಎನ್ನುವುದೂ ಉಂಟು. ವರದಿಯ ಕಾಗದವನ್ನಷ್ಟೇ ಅಲ್ಲ, ಚಿತ್ರಗಳನ್ನೇ ಶಸ್ತ್ರಚಿಕಿತ್ಸಕರ ಮುಂದಿಡಿ. ಎಂ.ಆರ್.ಐ. ಮಾಡಿಸಿದ ತಾರೀಕನ್ನೂ ನೋಡಿಕೊಳ್ಳಿ. ಹರಿದದ್ದನ್ನು ಹಾಗೇ ಬಿಟ್ಟಷ್ಟೂ ಕೊಬ್ಬು ಹೆಚ್ಚುವ ಸಂಭವವಿರುವುದರಿಂದ, ಹಳೆಯ ಚಿತ್ರ ಹಿಡಿದು ಇಂದಿನ ನಿರ್ಧಾರ ಮಾಡಬಾರದು. ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿ ಆಮೇಲೆ ಬರುವವರನ್ನು ಕಂಡಾಗ ನನಗೆ ಸಿಟ್ಟು ಬರುವುದು ಇದಕ್ಕೇ.

ಇನ್ನು ಗ್ರಾಫ್ಟ್. ಎಲುಬಿನವರೆಗೆ ತಲುಪದ ರಜ್ಜುವಿಗೂ ಎಲುಬಿಗೂ ನಡುವೆ ತೊಡೆಯ ಪೊರೆಯನ್ನು ಹೊಲಿದರೆ ಅಂತರವೇನೋ ಮುಚ್ಚುತ್ತದೆ. ಆದರೆ ಹೊಸ ಹಗ್ಗ ಕಟ್ಟಿದ ಮಾತ್ರಕ್ಕೆ ಗಾಡಿ ಹೊರಡುವುದಿಲ್ಲ, ಎತ್ತು ಎಳೆಯಬೇಕು. ಜಪಾನಿನ ಶಸ್ತ್ರಚಿಕಿತ್ಸಕರು ಇದೇ ಬಗೆಯ ಗ್ರಾಫ್ಟ್ ಹಾಕಿದವರನ್ನು ಹೋಲಿಸಿ ನೋಡಿದಾಗ, ಇನ್‌ಫ್ರಾಸ್ಪೈನೇಟಸ್‌ನಲ್ಲಿ ಕೊಬ್ಬು ಕಡಿಮೆ ಇದ್ದವರಿಗೆ ಫಲಿತಾಂಶ ಚೆನ್ನಾಗಿತ್ತು, ಹೆಚ್ಚಿದ್ದವರಲ್ಲಿ ಮತ್ತೆ ಹರಿಯುವುದು ಜಾಸ್ತಿಯಾಗಿತ್ತು. ಕಾರಣ ಸರಳ. ಮೇಲಿನ ಡೆಲ್ಟಾಯ್ಡ್ ಸ್ನಾಯು ಕೈ ಎತ್ತುವಾಗ ಕೀಲಿನ ಗುಂಡು ಮೇಲಕ್ಕೆ ಜಾರದಂತೆ ಹಿಂದಿನಿಂದ ಇನ್‌ಫ್ರಾಸ್ಪೈನೇಟಸ್, ಮುಂದಿನಿಂದ ಸಬ್‌ಸ್ಕ್ಯಾಪುಲಾರಿಸ್ ಅದನ್ನು ಗುಳಿಯಲ್ಲಿ ಒತ್ತಿ ಹಿಡಿಯುತ್ತವೆ. ಹಿಂದಿನದು ಸತ್ತರೆ ಮೇಲಿನ ತೇಪೆ ಒಂದೇ ಆ ಭಾರ ತಡೆಯಲಾರದು.

ಗ್ರಾಫ್ಟ್ ಎಂದರೆ ಯಾವುದು ಎಂದು ಕೇಳಲು ಮರೆಯಬೇಡಿ. ಹೊಲಿದ ರಜ್ಜುವಿನ ಮೇಲೆ ಬಲಕ್ಕೆಂದು ಹಾಸುವುದು ಒಂದು, ನಾನು ಹೇಳಿದ ಸೇತುವೆ ಇನ್ನೊಂದು. ಮೂರನೆಯದು ಜಪಾನಿನ ಮಿಹಾತಾ ಅವರು ರೂಢಿಗೆ ತಂದದ್ದು: ಪೊರೆಯ ಒಂದು ತುದಿಯನ್ನು ಗುಳಿಯ ಮೇಲಂಚಿಗೆ, ಇನ್ನೊಂದನ್ನು ತೋಳಿನ ಎಲುಬಿಗೆ ಕಟ್ಟುತ್ತಾರೆ. ಇಲ್ಲಿ ಸುಪ್ರಾಸ್ಪೈನೇಟಸ್ ಎಳೆಯಬೇಕಾಗಿಲ್ಲ, ಗುಂಡು ಮೇಲೇರದಂತೆ ಪೊರೆಯೇ ತಡೆಯುತ್ತದೆ. ಆದ್ದರಿಂದ ನಿಮ್ಮ ತಂದೆಯವರ ಸುಪ್ರಾಸ್ಪೈನೇಟಸ್ 3 ಇರುವುದು ಈ ವಿಧಾನಕ್ಕೆ ಅಷ್ಟು ದೊಡ್ಡ ಅಡ್ಡಿಯಲ್ಲ. ಇನ್‌ಫ್ರಾಸ್ಪೈನೇಟಸ್ ಕೂಡ 3 ಅಥವಾ 4 ಆಗಿದ್ದರೆ, ಬೆನ್ನಿನ ಸ್ನಾಯು ವರ್ಗಾಯಿಸುವುದು ಅಥವಾ ಕೀಲು ಸವೆದಿದ್ದರೆ ರಿವರ್ಸ್ ಕೀಲು ಜೋಡಣೆ (ಗುಂಡು ಮತ್ತು ಗುಳಿಯ ಜಾಗ ಅದಲುಬದಲಾದ ಕೃತಕ ಕೀಲು) ಎಂಬ ಮಾತು ಬರುತ್ತದೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ ನೋಡಿ. ತಂದೆಯವರ ಮೊಣಕೈಯನ್ನು ಪಕ್ಕೆಗೆ ತಾಗಿಸಿ 90 ಡಿಗ್ರಿ ಮಡಚಿ, ನೋವಾಗದಷ್ಟು ಮುಂಗೈಯನ್ನು ನೀವೇ ಹೊರಕ್ಕೆ ತಿರುಗಿಸಿ, ‘ಹೀಗೇ ಹಿಡಿಯಿರಿ’ ಎಂದು ಬಿಡಿ. ಕೈ ನಿಂತರೆ ಒಳ್ಳೆಯದು, ಹೊಟ್ಟೆಯ ಕಡೆ ಹೊರಳಿದರೆ ಇನ್‌ಫ್ರಾಸ್ಪೈನೇಟಸ್ ಸೋತಿರುವ ಸಂಭವ ಹೆಚ್ಚು. ರೊಟ್ಟಿಯ ತುತ್ತು ಬಾಯಿಗೆ ಒಯ್ಯುವಾಗ ಮೊಣಕೈ ಅಂಗೈಗಿಂತ ಮೇಲೇರುತ್ತಿದ್ದರೆ ಅದರ ಕೆಳಗಿನ ಟೆರಿಸ್ ಮೈನರ್ ಕೂಡ ಸೋತಿರಬಹುದು. ಇವೆರಡನ್ನೂ ವೈದ್ಯರಿಗೆ ಹೇಳಿ.

ತಂದೆಯವರು ಕೇಳುವುದು ಮಾತ್ರ ಬೇರೆಯೇ ಇರುತ್ತದೆ: ಮತ್ತೆ ಚೀಲ ಹೊರಬಹುದೇ? ನೋವು ಇಳಿಯುತ್ತದೆ, ರಾತ್ರಿ ನಿದ್ದೆ ಬರುತ್ತದೆ, ಅಂಗಿ ತೊಡಲು, ತಲೆ ಬಾಚಲು ಕೈ ಏರುತ್ತದೆ ಎಂದು ಆಶಿಸಬಹುದು. ಸುಮಾರು 6 ವಾರ ಕೈ ಜೋಳಿಗೆಯಲ್ಲಿರುತ್ತದೆ, ಬಲದ ವ್ಯಾಯಾಮ ಸಾಮಾನ್ಯವಾಗಿ 3 ತಿಂಗಳ ನಂತರ. ಬೀಡಿ ಸೇದುತ್ತಿದ್ದರೆ ಈಗಲೇ ನಿಲ್ಲಿಸಲಿ, ಸಕ್ಕರೆ ಕಾಯಿಲೆ ಇದ್ದರೆ ಹತೋಟಿಗೆ ತರಲಿ, ಎರಡೂ ರಜ್ಜು ಕೂಡುವುದಕ್ಕೆ ಅಡ್ಡಿ. ಹೆಗಲ ಮೇಲೆ ಚೀಲ ಹೊರುವ ಕೆಲಸಕ್ಕೆ ಅವರನ್ನು ಮರಳಿ ಕಳಿಸಬೇಡಿ. ಮಾರುಕಟ್ಟೆಯಲ್ಲೇ ತೂಕದ ಚೀಟಿ ಬರೆಯುವಂಥ ಕೆಲಸ ಸಿಗುತ್ತದೆಯೇ ಎಂದು ಶಸ್ತ್ರಚಿಕಿತ್ಸೆಗೆ ಮುಂಚೆಯೇ ವಿಚಾರಿಸಿಡಿ.