ಓದುಗರ ಪ್ರಶ್ನೆ: ಮಿಲ್ಲಿಗಿಂತ ಮೊದಲು ಕಣ

ಪ್ರಶ್ನೆ: ತುಂಗಭದ್ರಾ ಎಡದಂಡೆ ನಾಲೆಯ ಕೆಳಗೆ, ಸಿಂಧನೂರು ತಾಲ್ಲೂಕಿನಲ್ಲಿ ನನಗೆ ಮೂರು ಎಕರೆ ಗದ್ದೆಯಿದೆ. ಯಂತ್ರದಲ್ಲಿ ಕೊಯ್ಲು ಮಾಡಿಸಿದ ಸೋನಾ ಮಸೂರಿ ಭತ್ತವನ್ನು ಅದೇ ದಿನ ವ್ಯಾಪಾರಿಗೆ ತೂಗಿ ಕೊಡುತ್ತೇವೆ. ಈ ಸಲ ತೇವಾಂಶ ಶೇಕಡಾ 22 ಇದೆಯೆಂದು ಕ್ವಿಂಟಲಿಗೆ ಎಂಟು ಕಿಲೋ ಸೂಟು (ತೂಕದಲ್ಲಿ ಕಡಿತ) ತೆಗೆದರು. ನಾವು ಇಪ್ಪತ್ತು ಮಂದಿ ಸೇರಿ ಕಂಪನಿ ಕಟ್ಟಿ, ಸ್ವಂತ ಮಿಲ್ಲು ಹಾಕಿ ಅಕ್ಕಿಯನ್ನೇ ಮಾರಿದರೆ ಹೇಗೆ? ಕಂಪನಿಗೆ 300 ಸದಸ್ಯರು ಬೇಕೆಂಬುದು ನಿಜವೇ?

ಉತ್ತರ: ಮಿಲ್ಲಿನ ಮಾತು ಆಮೇಲೆ, ಮೊದಲು ಆ ಎಂಟು ಕಿಲೋ ಲೆಕ್ಕ ನೋಡೋಣ. ತೇವಾಂಶ 22 ಇರುವ 100 ಕಿಲೋ ಭತ್ತದಲ್ಲಿ ನೀರನ್ನು ಕಳೆದರೆ ಉಳಿಯುವುದು 78 ಕಿಲೋ. ಆ 100 ಕಿಲೋ ಭತ್ತವನ್ನು ಸರ್ಕಾರಿ ಖರೀದಿ ಕೇಂದ್ರ ಒಪ್ಪುವ ಶೇಕಡಾ 17ರ ಮಟ್ಟಕ್ಕೆ ಒಣಗಿಸಿದರೆ ತೂಕ 94 ಕಿಲೋಗೆ ಇಳಿಯುತ್ತದೆ; ದಾಸ್ತಾನಿಗೆ ಯೋಗ್ಯವಾದ 14ಕ್ಕೆ ಒಣಗಿಸಿದರೆ ಸುಮಾರು 91 ಕಿಲೋ ಆಗುತ್ತದೆ. ವ್ಯಾಪಾರಿ ಹೇಳಿದ ದರ 17ರ ಭತ್ತದ್ದಾಗಿದ್ದರೆ ಆರು ಕಿಲೋ ನ್ಯಾಯ, ಉಳಿದೆರಡು ಕಿಲೋ ನಿಮ್ಮ ಜೇಬಿನಿಂದ ಹೋದದ್ದು. ಎಕರೆಗೆ 25 ಕ್ವಿಂಟಲ್ ಬಂದಿದ್ದರೆ, ಮೂರು ಎಕರೆಗೆ ಅದು 150 ಕಿಲೋ, ಅಂದರೆ ನಿಮ್ಮ ಕಡೆಯ 75 ಕಿಲೋ ಲೆಕ್ಕದಲ್ಲಿ ಎರಡು ಚೀಲ. ದರ 14ರ ಭತ್ತದ್ದಾಗಿದ್ದರೆ ಮಾತ್ರ ವ್ಯಾಪಾರಿಯ ಲೆಕ್ಕ ಸರಿಯೆನ್ನಬಹುದು. ಆದ್ದರಿಂದ ದರ ಕೇಳುವಾಗಲೇ 'ಎಷ್ಟು ತೇವಾಂಶದ ಭತ್ತಕ್ಕೆ?' ಎಂದು ಕೇಳಿಬಿಡಿ. ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡುವ ಹಿರಿಯರ ಅಂದಾಜು ಸುಳ್ಳಲ್ಲ, ಆದರೆ ವ್ಯಾಪಾರಿಯ ಮುಂದೆ ಅದು ನಡೆಯುವುದಿಲ್ಲ. ಇಪ್ಪತ್ತು ಮಂದಿ ಸೇರಿ ಒಂದು ತೇವಾಂಶ ಮಾಪಕ ಕೊಂಡುಕೊಳ್ಳಿ.

ಮಿಲ್ಲಿನವನಿಗೆ ಬೇಕಾಗಿರುವುದು ಒಂದೇ ತಳಿಯ, ಒಂದೇ ಹದಕ್ಕೆ ಒಣಗಿದ ಲಾರಿ ಲೋಡು. ನಿಮ್ಮೊಬ್ಬರ 75 ಕ್ವಿಂಟಲಿನಿಂದ ಅದು ತುಂಬುವುದಿಲ್ಲವಾದ್ದರಿಂದಲೇ ನಡುವಿನವರು ಬೇರೆ ಬೇರೆಯವರ ಭತ್ತವನ್ನು ಕೂಡಿಸಿ ಅದರ ಲಾಭವನ್ನು ತಾವಿಟ್ಟುಕೊಳ್ಳುತ್ತಾರೆ. ಇಪ್ಪತ್ತು ಮಂದಿ ಒಂದೇ ಬೀಜ ಬಿತ್ತಿ, ಟಾರ್ಪಾಲಿನ ಮೇಲೆ ತೆಳುವಾಗಿ ಹರಡಿ, ಆಗಾಗ ಕೈಯಾಡಿಸುತ್ತ ಒಣಗಿಸಿದರೆ ಆ ಕೆಲಸ ನಿಮ್ಮಿಂದಲೇ ಆಗುತ್ತದೆ. ಉರಿಬಿಸಿಲಿನಲ್ಲಿ ಅವಸರದಿಂದ ಒಣಗಿಸಿದರೆ ಕಾಳು ಒಳಗೇ ಬಿರುಕು ಬಿಟ್ಟು, ಮಿಲ್ಲಿನಲ್ಲಿ ನುಚ್ಚು ಹೆಚ್ಚಾಗುತ್ತದೆ. (ಹೆದ್ದಾರಿಯ ಮೇಲೆ ಭತ್ತ ಹರಡುವ ಪದ್ಧತಿಯನ್ನು ದಯವಿಟ್ಟು ಬಿಡಿ, ಅದರಿಂದ ಭತ್ತಕ್ಕೂ ಕೇಡು, ಬೈಕಿನವರಿಗೂ ಕೇಡು.)

ಒಣಗಿದ ಭತ್ತ ಕಾಯಬಲ್ಲದು. ಸೋನಾ ಮಸೂರಿಯ ಹೊಸ ಅಕ್ಕಿಯ ಅನ್ನ ಮುದ್ದೆಯಾಗುವುದರಿಂದ ಪೇಟೆಯವರು ಹಳೆ ಅಕ್ಕಿಗೆ ಹೆಚ್ಚು ಕೊಡುತ್ತಾರೆ. ಉಗ್ರಾಣ ಅಭಿವೃದ್ಧಿ ಮತ್ತು ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಾಯಿಸಿದ ಗೋದಾಮಿನಲ್ಲಿಟ್ಟರೆ ಸಿಗುವ ಎಲೆಕ್ಟ್ರಾನಿಕ್ ರಸೀದಿಯ ಮೇಲೆ ಬ್ಯಾಂಕು ಸಾಲ ಕೊಡುತ್ತದೆ. ಕಿಸಾನ್ ಕ್ರೆಡಿಟ್ ಕಾರ್ಡ್ ಇರುವ ಸಣ್ಣ ರೈತರಿಗೆ ಕೊಯ್ಲಿನ ನಂತರ ಆರು ತಿಂಗಳವರೆಗೆ ಬಡ್ಡಿ ರಿಯಾಯಿತಿಯೂ ಉಂಟು. ಆದರೆ ಗೊಬ್ಬರ, ಔಷಧಿಗಳನ್ನು ಅದೇ ವ್ಯಾಪಾರಿಯ ಅಂಗಡಿಯಿಂದ ಉದ್ರಿ ತಂದಿದ್ದರೆ ಭತ್ತ ಕಣದಲ್ಲಿರುವಾಗಲೇ ಅವರ ಪಾಲಾಗಿರುತ್ತದೆ. ಆ ಉದ್ರಿಯನ್ನು ಮುಂದಿನ ಬೆಳೆಯ ಹೊತ್ತಿಗೆ ಸಹಕಾರ ಸಂಘದ ಬೆಳೆಸಾಲಕ್ಕೆ ತಿರುಗಿಸಿಕೊಳ್ಳದೆ ಉಳಿದ ಯಾವ ಉಪಾಯವೂ ಫಲಿಸದು.

ಮಿಲ್ಲನ್ನು ಸದ್ಯಕ್ಕೆ ಬದಿಗಿಡಿ. ಅದಕ್ಕೆ ವರ್ಷವಿಡೀ ಭತ್ತ ಬೇಕು, ವಿದ್ಯುತ್ತಿನ ಬಿಲ್ಲು ಸುಗ್ಗಿಗಾಗಿ ಕಾಯುವುದಿಲ್ಲ. ಬಾಡಿಗೆಗೆ ಮಿಲ್ಲು ಮಾಡಿಸಿ ನಾಲ್ಕಾರು ಲೋಡು ಅಕ್ಕಿ ಮಾರಿ ನೋಡಿ. ನುಚ್ಚು, ತೌಡು ಯಾರ ಪಾಲು ಎಂಬುದನ್ನು ಮೊದಲೇ ಬರೆಸಿಕೊಳ್ಳಿ.

300ರ ವಿಷಯ: ಉತ್ಪಾದಕರ ಕಂಪನಿ, ಅಂದರೆ ರೈತರೇ ಒಡೆಯರಾದ ಕಂಪನಿ, ನೋಂದಾಯಿಸಲು ಕಾನೂನಿನ ಪ್ರಕಾರ ಹತ್ತು ಮಂದಿ ರೈತರು ಸಾಕು. ಬಯಲುಸೀಮೆಯಲ್ಲಿ 300 ಸದಸ್ಯರಿರಬೇಕೆಂಬುದು 2020ರಲ್ಲಿ ಆರಂಭವಾದ, 10,000 ಉತ್ಪಾದಕ ಸಂಸ್ಥೆಗಳನ್ನು ಕಟ್ಟುವ ಕೇಂದ್ರ ಯೋಜನೆಯ ನಿಯಮ. ಆ ಯೋಜನೆಯಲ್ಲಿ ಕಚೇರಿ, ಸಿಬ್ಬಂದಿ ಮುಂತಾದ ವೆಚ್ಚಕ್ಕೆ ಮೂರು ವರ್ಷಕ್ಕೆ 18 ಲಕ್ಷ ರೂಪಾಯಿವರೆಗೆ ನೆರವಿತ್ತು. ನಿಮ್ಮ ಇಪ್ಪತ್ತು ಮಂದಿ ಒಂದು ಸುಗ್ಗಿಯಲ್ಲಿ ಒಟ್ಟಾಗಿ ಒಣಗಿಸಿ, ತೂಗಿಸಿ, ಮಾರಿದ ಲೆಕ್ಕದ ಪುಸ್ತಕ ಕೈಯಲ್ಲಿದ್ದರೆ ಉಳಿದ 280 ಮಂದಿಯನ್ನು ಒಪ್ಪಿಸುವುದು ಸುಲಭ.