ಕೋವಿಡ್ ನಿಯಮ ಮುರಿದ ಫುಟ್‌ಬಾಲ್ ಆಟಗಾರರ ಮೇಲೆ ಬ್ರಿಟನ್ ಜನರಿಗೆ ಅಷ್ಟೊಂದು ಸಿಟ್ಟು ಬಂದಿದ್ದೇಕೆ?

ಹೇಳಿದ್ದೊಂದು, ಮಾಡಿದ್ದೊಂದು ಆಗಿತ್ತು. ಅದಕ್ಕೇ ಸಿಟ್ಟು.

ಆಗ ಇಂಗ್ಲೆಂಡಿನ ಆಸ್ಟನ್ ವಿಲ್ಲಾ ಕ್ಲಬ್‌ನ ನಾಯಕರಾಗಿದ್ದ ಜ್ಯಾಕ್ ಗ್ರೀಲಿಶ್ ಅವರನ್ನೇ ನೋಡಿ. 2020ರ ಮಾರ್ಚ್ 23ಕ್ಕೆ ಲಾಕ್‌ಡೌನ್ ಶುರುವಾಯಿತು. ಮನೆಯಲ್ಲೇ ಇರಿ ಎಂದು ಅವರು ವಿಡಿಯೊದಲ್ಲಿ ಜನರನ್ನು ಕೇಳಿಕೊಂಡರು. ಅದೇ ವಾರ ತಾವೇ ಗೆಳೆಯನ ಮನೆಗೆ ಹೋದರು. ಭಾನುವಾರ ಬೆಳಿಗ್ಗೆ ನೋಡಿದರೆ ಅವರ ರೇಂಜ್ ರೋವರ್‌ನ ಮುಂಭಾಗ ಜಖಂ, ರಸ್ತೆ ಬದಿ ನಿಲ್ಲಿಸಿದ್ದ ಕಾರುಗಳಿಗೂ ಪೆಟ್ಟು! ಅವರು ಕ್ಷಮೆ ಕೇಳಿದರು. ಕ್ಲಬ್ ದಂಡ ಹಾಕಿ, ಆ ಹಣವನ್ನು ಆಸ್ಪತ್ರೆಯ ನಿಧಿಗೆ ಕೊಟ್ಟಿತು. ಆದರೆ ಹೆತ್ತವರ ಅಂತ್ಯಕ್ರಿಯೆಗೂ ಬೆರಳೆಣಿಕೆಯ ಜನ ಮಾತ್ರ ಸೇರಬೇಕಿದ್ದ ಕಾಲ ಅದು. ವಾರಕ್ಕೆ ಲಕ್ಷಗಟ್ಟಲೆ ಸಂಬಳ ಎಣಿಸುವವರಿಗೆ ದಂಡ ಯಾವ ಲೆಕ್ಕ ಅಂತ ಜನರಿಗೆ ಅನ್ನಿಸದೆ ಇರುತ್ತದಾ?

ನನಗೆ ಅದಕ್ಕಿಂತ ಜಾಸ್ತಿ ನೋವಾಗಿದ್ದು ಬೋಲಿ ಬೋಲಿಂಗೋಲಿ ಪ್ರಕರಣ. ಆಗ ಸ್ಕಾಟ್ಲೆಂಡ್‌ನ ಸೆಲ್ಟಿಕ್ ಕ್ಲಬ್‌ನಲ್ಲಿ ಆಡುತ್ತಿದ್ದ ಇವರು ಅದೇ ವರ್ಷದ ಆಗಸ್ಟ್‌ನಲ್ಲಿ ಯಾರಿಗೂ ಹೇಳದೆ ಸ್ಪೇನ್‌ಗೆ ಹೋಗಿ ಬಂದರು. ಕ್ವಾರಂಟೈನ್ ಆಗದೆ ಕಿಲ್ಮಾರ್ನಾಕ್ ತಂಡದ ವಿರುದ್ಧ ಬದಲಿ ಆಟಗಾರನಾಗಿ ಮೈದಾನಕ್ಕೂ ಇಳಿದರು. ಸಹ ಆಟಗಾರರು, ಎದುರಾಳಿಗಳು, ಅವರ ಮನೆಯವರು, ಎಲ್ಲರನ್ನೂ ಅಪಾಯಕ್ಕೆ ಒಡ್ಡಿದ ಹಾಗಲ್ವಾ? ಇದರಿಂದ ಸೆಲ್ಟಿಕ್‌ನ ಪಂದ್ಯಗಳನ್ನು ಮುಂದೂಡಬೇಕಾಯಿತು.

ಹಾಗಂತ ಎಲ್ಲ ಆಟಗಾರರಿಗೂ ಸೊಕ್ಕು ಅನ್ನುವುದು ತಪ್ಪು. ಅದೇ ವರ್ಷದ ಏಪ್ರಿಲ್‌ನಲ್ಲಿ ಆಗಿನ ಲಿವರ್‌ಪೂಲ್ ನಾಯಕ ಜೋರ್ಡನ್ ಹೆಂಡರ್ಸನ್ ಮುಂದೆ ನಿಂತು, ಇಂಗ್ಲೆಂಡಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್‌ನ ಆಟಗಾರರನ್ನು ಒಟ್ಟುಗೂಡಿಸಿ ಸರ್ಕಾರಿ ಆರೋಗ್ಯ ಸೇವೆಗೆ ಹಣ ಕೊಡಿಸಿದರು. ಆಗ ಮ್ಯಾಂಚೆಸ್ಟರ್ ಯುನೈಟೆಡ್ ಆಟಗಾರರಾಗಿದ್ದ ಮಾರ್ಕಸ್ ರಾಶ್‌ಫರ್ಡ್ ಬಡ ಮಕ್ಕಳ ಊಟಕ್ಕಾಗಿ ಸರ್ಕಾರದ ನಿರ್ಧಾರವನ್ನೇ ಬದಲಿಸಿದರು.